ಹಸಿ ಹೆಸರಿನ ಹಗೇವು

ಹೋದ ವಾರ ಸೊಸೆ ಅಡುಗೆಮನೆಯ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಡ್ರಮ್ಮಿನ ಮುಚ್ಚಳ ತೆಗೆದಳು. ಒಳಗೆ ಹೊಲದಿಂದ ಬಂದ ಹೆಸರುಕಾಳು. ಸರಿಯಾಗಿ ಒಣಗಿಸದೆ ತುಂಬಿಟ್ಟಿದ್ದರು. ಮುಚ್ಚಳ ತೆಗೆದದ್ದೇ ತಡ, ಬೆಚ್ಚಗಿನ ಮುಗ್ಗಲು ವಾಸನೆ ಮನೆಯೆಲ್ಲ ತುಂಬಿತು. ಸೊಸೆ ಮೂಗಿಗೆ ಸೆರಗು ಹಿಡಿದು ನಕ್ಕಳು. ನಾನು ಎದ್ದು ಹೋಗಿ ಹೊರಗಿನ ಕಟ್ಟೆಯ ಮೇಲೆ ಕೂತೆ. "ಯಾಕ್ರಿ ಅತ್ತಿ, ಏನಾತ್ರಿ?" ಎಂದು ಆಕೆ ಹಿಂದೆಯೇ ಬಂದಳು. ಆ ವಾಸನೆಯ ಜೊತೆಗೆ ನಮ್ಮ ಕಾಕಿ ಬಂದು ನಿಂತಿದ್ದಳು.

ಕಾಕಿ ಎಂದರೆ ನನ್ನ ಮಾವನ ತಮ್ಮನ ಹೆಂಡತಿ. ಯಲಬುರ್ಗಾ ಸೀಮೆಯ ಮಂಗಳೂರಿನಿಂದ ಗಾಡಿದಾರಿ ಹಿಡಿದು ಹೋದರೆ ಸಿಗುವ ಎರೆಹೊಲದ ಸಣ್ಣ ಊರಿಗೆ ನಾನು ಸೊಸೆಯಾಗಿ ಹೋದಾಗ ಆಕೆಯ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ನಮ್ಮ ಮನೆಗೂ ಆಕೆಯ ಮನೆಗೂ ಒಂದೇ ಗೋಡೆ. ಆಕೆಗಿದ್ದದ್ದು ಒಬ್ಬಳೇ ಮಗಳು, ಎಂಟೊಂಬತ್ತು ವರ್ಷದವಳು, ನನಗೆ ನಾದಿನಿ. ಜೊತೆಗೆ ಒಂದಿಷ್ಟು ಹೊಲ, ಒಂದು ಆಕಳು, ಮತ್ತು ಊರಿಗೆಲ್ಲ ಹಂಚಿದರೂ ಮಿಗುವಷ್ಟು ಸಂಶಯ. ಕಾಕಿಯ ಪ್ರಕಾರ ಊರಿನಲ್ಲಿ ಇದ್ದವರು ಎರಡೇ ಬಗೆಯ ಜನ: ಕಳ್ಳರು, ಮತ್ತು ಇನ್ನೂ ಕಳವು ಮಾಡದವರು. ಬೆಲ್ಲವನ್ನು ಜೋಳದ ಗಡಿಗೆಯಲ್ಲಿ ಹೂಳುತ್ತಿದ್ದಳು, ಬೆಳ್ಳಿ ಕಡಗವನ್ನು ಸಗಣಿ ಕುಳ್ಳಿನ ಬಣವೆಯಲ್ಲಿ ತುರುಕುತ್ತಿದ್ದಳು. ಆಮೇಲೆ ಎಲ್ಲಿಟ್ಟೆನೆಂಬುದು ಮರೆತು ಮನೆಯೆಲ್ಲ ತಡಕಾಡುತ್ತಿದ್ದಳು. ನಾವು ನಕ್ಕರೆ, "ನಗ್ರಿ, ನಗ್ರಿ. ಕಳ್ಳ ಬಂದಾಗ ಅವನೂ ನಕ್ಕೋಂತ ಹೋಗ್ತಾನ" ಎನ್ನುತ್ತಿದ್ದಳು.

ಆಕೆಯ ನಂಬಿಕೆಯೆಲ್ಲ ಹಿತ್ತಲಿನ ಹಗೇವಿನ ಮೇಲೆ. ಈಗಿನ ಮಕ್ಕಳಿಗೆ ಹಗೇವು ಗೊತ್ತಿಲ್ಲ. ನೆಲದೊಳಗೆ ಗಡಿಗೆಯ ಆಕಾರದಲ್ಲಿ ತೋಡಿದ ಕಾಳಿನ ಗುಂಡಿ ಅದು. ಹೊಟ್ಟೆ ಅಗಲ, ಬಾಯಿ ಇಕ್ಕಟ್ಟು, ಒಬ್ಬರೇ ಇಳಿಯಬೇಕು. ಒಳಗೆ ಸುತ್ತಲೂ ಒಣದಂಟಿನ ಕಣಿಕೆ ಹಾಸಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಬಡಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಮೇಲೆ ಆಕಳು ಕಟ್ಟಿಬಿಟ್ಟರೆ ಅಲ್ಲೊಂದು ಗುಂಡಿ ಇದೆಯೆಂದು ಯಾರಿಗೂ ತಿಳಿಯದು. ಆದರೆ ಮುಚ್ಚಿದ ಹಗೇವಿನಲ್ಲಿ ಗಾಳಿ ಸಾಯುತ್ತದೆ. ತೆಗೆದ ಕೂಡಲೇ ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೇ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡುತ್ತಿದ್ದರು. ಮದುವೆಯಾಗಿ ಹೋದ ಹೊಸದರಲ್ಲೇ ಕಾಕಿ ನನ್ನ ಕೈ ಹಿಡಿದು ಅಲ್ಲಿಗೆ ಕರೆದೊಯ್ದು ಹೇಳಿದ್ದಳು: "ದೀಪ ಉಸಿರಾಡಿದ್ರ ಮನಷ್ಯಾನೂ ಉಸಿರಾಡ್ತಾನ. ದೀಪ ಆರಿದ್ರ, ಒಳಗ ಬಂಗಾರ ಇದ್ರೂ ಇಳೀಬ್ಯಾಡ. ತಿಳೀತಿಲ್ಲೋ?"

ನಾನು ಬಸುರಿಯಾದ ವರ್ಷ ಕಾಲವೇ ಕೆಟ್ಟಿತ್ತು. ಸುತ್ತಲಿನ ನಾಡಿಗೆಲ್ಲ ಸ್ವಾತಂತ್ರ್ಯ ಬಂದಿತ್ತು. ನಮ್ಮ ಸೀಮೆ ಮಾತ್ರ ಇನ್ನೂ ನಿಜಾಮರ ಕೈಯಲ್ಲಿತ್ತು. ನಿಜಾಮರ ಕಡೆಯವರು ಗುಂಪು ಕಟ್ಟಿಕೊಂಡು ಬಂದು ಊರು ಲೂಟಿ ಮಾಡುತ್ತಾರೆ, ಬಣವೆಗೆ ಬೆಂಕಿ ಇಡುತ್ತಾರೆ, ಹೆಣ್ಣುಮಕ್ಕಳನ್ನು ಎಳೆದೊಯ್ಯುತ್ತಾರೆ ಎಂದು ದಿನಕ್ಕೊಂದು ಸುದ್ದಿ. ಇವತ್ತು ಕುಷ್ಟಗಿ ಕಡೆ ಎಂದರೆ ನಾಳೆ ಕೊಪ್ಪಳದ ಕಡೆ. ಯಾರು ಕಂಡಿದ್ದರೋ, ಯಾರು ಕಟ್ಟಿದ್ದರೋ... ಬಾವಿಗೆ ಹೋದವರು ಅರ್ಧ ಕೊಡ ನೀರು ತರುತ್ತಿದ್ದರು, ತುಂಬಿದ ಕೊಡದಷ್ಟು ಖಬರು ತರುತ್ತಿದ್ದರು. ಬಲ್ಲಿದರು ಗಾಡಿ ಕಟ್ಟಿಕೊಂಡು ಗಜೇಂದ್ರಗಡದ ಕಡೆ ಗಡಿ ದಾಟಿದರು. ಹೊಲ ಬಿಟ್ಟು ಹೋಗಲಾರದ ನಮ್ಮಂಥವರು ಉಳಿದೆವು. ನಾಯಿ ಬೊಗಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಮಕ್ಕಳು ಬೀದಿಯಲ್ಲಿ ಆಡುವುದನ್ನು ಬಿಟ್ಟರು, ಅವರಿಗೆ ಬಿಡಬೇಕೆಂದು ಯಾರೂ ಹೇಳಿರಲಿಲ್ಲ.

ಊರ ನಡುವಿನ ಹುಡೇದ ಮೇಲೆ, ಅಂದರೆ ಹಳೆಯ ಕಾವಲು ಬುರುಜಿನ ಮೇಲೆ, ಗಂಡಸರು ಸರದಿಯಂತೆ ಕೂತರು. ದೂರದಲ್ಲಿ ಗುಂಪು ಕಂಡರೆ ಹಲಗೆ ಬಾರಿಸಬೇಕು. ಹಲಗೆ ಕೇಳಿದ ಕೂಡಲೇ ಹೆಂಗಸರು ಮಕ್ಕಳು ಅಡಗಬೇಕು ಎಂದು ಠರಾವಾಯಿತು. ಕಾಕಿ ತನ್ನ ಬಂದೋಬಸ್ತು ತಾನೇ ಮಾಡಿಕೊಂಡಳು. ಆ ವರ್ಷ ಹಗೇವು ಬರಿದಾಗಿತ್ತು. ಅದನ್ನು ತೆರೆದಿಟ್ಟು, ಕಂದೀಲು ಇಳಿಸಿ ನೋಡಿದಳು. ದೀಪ ನೆಟ್ಟಗೆ ಉರಿಯಿತು. ಮಗಳನ್ನು ಇಳಿಸಿ, ಹತ್ತಿಸಿ, ಮತ್ತೆ ಇಳಿಸಿ ರೂಢಿ ಮಾಡಿಸಿದಳು. ಹುಡುಗಿಗೆ ಅದೊಂದು ಆಟ. ಒಳಗಿನಿಂದ "ಕೂ" ಎನ್ನುತ್ತಿದ್ದಳು. ನನ್ನನ್ನೂ ಇಳಿಸಬೇಕೆಂದು ಕಾಕಿಯ ಆಸೆ. ಏಳು ತಿಂಗಳ ಹೊಟ್ಟೆ ಆ ಬಾಯಿಯಲ್ಲಿ ಹಿಡಿಯಲಿಲ್ಲ. "ನಿನ್ನ ಒಳಗಿರಾಂವಗ ಧೈರ್ಯ ಜಾಸ್ತಿ, ಅಡಗಾಕ ಒಲ್ಲೆ ಅಂತಾನ" ಎಂದು ಕಾಕಿ ನಕ್ಕಳು. ಆ ದಿನಗಳಲ್ಲಿ ಆಕೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಷ್ಟರಲ್ಲಿ ಹೆಸರು ಮಾಗಿತು. ಶ್ರಾವಣದ ಜಿಟಿಜಿಟಿ ಮಳೆ ಬೇರೆ. ಹೊಲದಲ್ಲಿ ಬಿಟ್ಟರೆ ಸುಟ್ಟು ಹೋಗುತ್ತಾರೆಂಬ ಭಯಕ್ಕೆ ಎಲ್ಲರೂ ಅರೆ ಒಣಗಿದ ಕಾಯಿಯನ್ನೇ ಕಿತ್ತು ಬಡಿದರು. ಕಾಕಿಯ ಕಾಳೂ ಹಸಿಯಾಗಿಯೇ ಇತ್ತು. ಮಾವ ಹೇಳಿ ನೋಡಿದರು: "ಎರಡ ದಿನ ಬಿಸಿಲ ಬೀಳಲಿ, ಅಂಗಳದಾಗ ಹರವು."

"ಅಂಗಳದಾಗ ಹರವಿದ್ರ ಊರಿಗೆಲ್ಲ ಕಾಣತೈತ್ರಿ. ಇದಾ ನಮ್ಮ ಇಡೀ ವರ್ಷದ ಅನ್ನ. ನೀವು ಸುಮ್ಮನಿರ್ರಿ."

ಕಾಕಿ ಆ ಚೀಲಗಳನ್ನು ಅದೇ ಹಗೇವಿಗೆ ಇಳಿಸಿದಳು, ಮಗಳು ಕೂರುವಷ್ಟು ಜಾಗ ಬಿಟ್ಟು. ಮೇಲೆ ಕಲ್ಲು ಮುಚ್ಚಿ ಮಣ್ಣು ಸಾರಿಸಿದಳು. "ಜೀವಾನೂ ಕಾಳೂ ಒಂದಾ ಕಡೆ ಇದ್ರ ಕಾಯಾಕ ಛಲೋ" ಎಂದಳು. ನನಗೂ ಅದು ಸರಿಯೆಂದೇ ಅನಿಸಿತ್ತು. ದೀಪ ಇಳಿಸಿ ನೋಡಿಯಾಗಿದೆ, ಹಗೇವು ಒಳ್ಳೆಯದಿದೆ ಎಂಬುದು ಎಲ್ಲರ ತಲೆಯಲ್ಲಿ ಕೂತುಬಿಟ್ಟಿತ್ತು. ಅಂದು ನೋಡಿದ್ದು ಬರಿದಾದ, ಬಾಯಿ ತೆರೆದ ಹಗೇವನ್ನು. ಹಸಿ ಕಾಳು ಮಣ್ಣಿನೊಳಗೆ ಬಿಸಿಯಾಗಿ, ಇದ್ದ ಗಾಳಿಯನ್ನೆಲ್ಲ ಕುಡಿದುಬಿಡುತ್ತದೆಂಬ ಯೋಚನೆ ಯಾರಿಗೂ ಹೊಳೆಯಲಿಲ್ಲ. ನಮಗೆ ಭಯವಿದ್ದದ್ದು ಹೊರಗಿನಿಂದ ಬರುವವರದ್ದು.

ಕೆಲ ದಿನಗಳ ಮೇಲೆ, ಇಳಿಹೊತ್ತಿನಲ್ಲಿ, ಹಲಗೆ ಬಡಿಯಿತು. "ಬರಾಕತ್ತ್ಯಾರ! ಕುಷ್ಟಗಿ ದಾರಿಗುಂಟ ಬರಾಕತ್ತ್ಯಾರ!" ಎಂದು ಹುಡೇದ ಮೇಲಿನಿಂದ ಕೂಗು. ಒಲೆಯ ಮೇಲಿದ್ದದ್ದು ಒಲೆಯ ಮೇಲೆಯೇ ಉಳಿಯಿತು. ಗಂಡಸರು ಕೊಡಲಿ, ಬಡಿಗೆ ಹಿಡಿದು ಊರ ಅಗಸಿಬಾಗಿಲ ಕಡೆ ಓಡಿದರು. ನಾನು ಮಾಳಿಗೆಯ ಮೆಟ್ಟಿಲ ಹಿಂದೆ ಕಣಿಕೆಯ ಮರೆಗೆ ಹೋಗುವಾಗ ಹಿತ್ತಲ ಗೋಡೆಯ ಮೇಲಿನಿಂದ ನೋಡಿದೆ. ಕಾಕಿ ಕಲ್ಲು ಸರಿಸಿ ಮಗಳನ್ನು ಇಳಿಸುತ್ತಿದ್ದಳು. "ಅವ್ವಾ, ಒಳಗ ನಾತ ಬರತೈತಿ" ಎಂದಳು ಹುಡುಗಿ. "ಕಾಳಿನ ನಾತ ಅದು, ಬಾಯಿ ಮುಚಗೊಂಡು ಕುಂದ್ರು" ಎಂದು ಕಾಕಿ ಗದರಿಸಿ, ಗಾಳಿಗೆಂದು ಸಣ್ಣ ಸಂದು ಬಿಟ್ಟು ಕಲ್ಲು ಎಳೆದಳು, ಆಕಳನ್ನು ತಂದು ಅದರ ಮೇಲೆ ಕಟ್ಟಿದಳು. ಆಮೇಲೆ ಮನೆಯ ಮುಂಬಾಗಿಲಿಗೆ ಒನಕೆ ಹಿಡಿದು ನಿಂತಳು.

ಬಂದವರು ಯಾರು? ನಮ್ಮಂತೆಯೇ ಹೆದರಿದ ಮತ್ತೊಂದು ಊರಿನವರು. ಗಾಡಿಯಲ್ಲಿ ಮುದುಕರು, ಕೋಳಿಗಳು, ಬೀಸುವ ಕಲ್ಲು. ಗಡಿಯ ಕಡೆ ಹೊರಟಿದ್ದರು. ಎತ್ತಿಗೆ ನೀರು ಬೇಕೆಂದು ಊರಿಗೆ ತಿರುಗಿದ್ದರು. ಕೊಡಲಿ ಹಿಡಿದ ನಮ್ಮವರನ್ನು ಕಂಡು ಅವರೇ ಅಳತೊಡಗಿದರಂತೆ. ಹೆದರಿದವರ ಮೇಲೆ ಹಾವು ಎಸೆದಂತಾಗಿತ್ತು. ಸುದ್ದಿ ತಿಳಿದು ಬೀದಿಯಲ್ಲಿ ನಗು ಎದ್ದಿತು, ಬಹಳ ದಿನಗಳ ಮೇಲೆ. ಹಲಗೆ ಬಡಿದು ನಾಲ್ಕು ರೊಟ್ಟಿ ಬಡಿಯುವಷ್ಟು ಹೊತ್ತೂ ಆಗಿರಲಿಲ್ಲ. ನಾನೂ ನಗುತ್ತಲೇ ಕಾಕಿಯ ಹಿತ್ತಲಿಗೆ ಹೋದೆ.

ಕಾಕಿ ಆಕಳು ಬಿಚ್ಚಿ, ಕಲ್ಲು ಸರಿಸಿ ಕೂಗುತ್ತಿದ್ದಳು. ಒಳಗಿನಿಂದ ಉತ್ತರವಿಲ್ಲ. ಬೆಚ್ಚಗಿನ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಮಾವ ಇಬ್ಬರು ಆಳುಗಳೊಡನೆ ಓಡಿ ಬಂದರು. ಕಾಕಿಯೇ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಸಿದಳು. ಆ ಬೆಳಕಿನಲ್ಲಿ ಚೀಲಗಳ ಮೇಲೆ ಮಗ್ಗುಲಾಗಿ ಬಿದ್ದ ಹುಡುಗಿಯ ಲಂಗ ಒಂದು ಗಳಿಗೆ ಕಂಡಿತು. ಅಷ್ಟೇ. ದೀಪ ಸಣ್ಣಗಾಯಿತು... ಆರಿತು.

"ಇಳೀಬ್ಯಾಡ! ಕಂಬಳಿ ತರ್ರಿ, ಗಾಳಿ ಬೀಸೋಣು" ಎಂದು ಮಾವ ಕೂಗಿದರು. ಕಾಕಿ ಕಂದೀಲು ಮೇಲೆಳೆದು ಪಕ್ಕಕ್ಕಿಟ್ಟಳು, ಸೀರೆಯ ಕಚ್ಚೆ ಬಿಗಿದಳು, ಹಗ್ಗದ ತುದಿ ಹಿಡಿದು ಬಾಯಿಯೊಳಗೆ ಕಾಲಿಟ್ಟಳು. ಮಾವ ಆಕೆಯ ತೋಳು ಹಿಡಿದರು. ಕೊಸರಿಕೊಂಡಳು. "ಜಗ್ಗಂದಾಗ ಜಗ್ರಿ" ಎಂದಷ್ಟೇ ಹೇಳಿದಳು. ತಿರುಗಿ ನೋಡಲಿಲ್ಲ. ಬೆನ್ನು, ಹೆಗಲು, ಆಮೇಲೆ ಅಂಚು ಹಿಡಿದ ಎರಡು ಕೈ ಕಂಡವು. ಕೈಗಳೂ ಹೋದವು.

ಹಗ್ಗ ಅಲುಗಿತು. ಗಂಡಸರು ಜಗ್ಗಿದರು. ಕಂಕುಳಡಿ ಗಂಟು ಬಿಗಿದಿದ್ದ ಹುಡುಗಿ ಮೇಲೆ ಬಂದಳು, ತುಟಿ ನೀಲಿಯಾಗಿ. ಬಯಲಿನ ಗಾಳಿಗೆ ಹಿಡಿದು ಬೆನ್ನು ತಟ್ಟಿದ ಮೇಲೆ ಕೆಮ್ಮಿದಳು. ಹಗ್ಗವನ್ನು ಮತ್ತೆ ಬಿಟ್ಟರು. ಅದು ಅಲುಗಲೇ ಇಲ್ಲ. ಕಂಬಳಿಯನ್ನು ಇಳಿಬಿಟ್ಟು ಎತ್ತಿ ಎತ್ತಿ ಗಾಳಿ ತುಂಬಿದರು. ದೀಪ ಆರದೆ ನಿಲ್ಲುವ ಹೊತ್ತಿಗೆ ತಡವಾಗಿತ್ತು. ಮಗಳನ್ನು ಮೇಲೆತ್ತಿ ಹಿಡಿದ ಕಾಕಿ ಚೀಲಗಳ ನಡುವೆ ಜಾರಿ ತಳಕ್ಕೆ ಬಿದ್ದಿದ್ದಳು. ಆಕೆಯನ್ನು ನೆಲದ ಮೇಲೆ ಮಲಗಿಸಿದಾಗ ನೀರು ಕೇಳಿ ಬಂದಿದ್ದ ಆ ಪರವೂರಿನ ಹೆಂಗಸರೂ ಬಂದು ನಮ್ಮೊಡನೆ ಅತ್ತರು.

ಸ್ವಲ್ಪ ದಿನಗಳಲ್ಲೇ ನಿಜಾಮರ ಆಳ್ವಿಕೆ ಮುಗಿಯಿತು. ಬೇರೆ ಊರುಗಳು ಏನೇನು ಅನುಭವಿಸಿದವೋ, ನಮ್ಮ ಊರಿಗೆ ಮಾತ್ರ ಯಾರೂ ಬರಲಿಲ್ಲ. ನನಗೆ ಗಂಡುಮಗುವಾಯಿತು. ಮಾವ ಆ ಹೆಸರುಕಾಳನ್ನು ತಿಪ್ಪೆಗೆ ಸುರಿಸಿ, ಹಗೇವಿಗೆ ಮಣ್ಣು ತುಂಬಿಸಿದರು. ಕಾಕಿ ಮಾಡಿದ್ದು ಹುಚ್ಚುತನ ಎಂದು ಕೆಲವರು ಅಂದರು. ನನಗೆ ಅವರ ಮೇಲೆ ಇಂದಿಗೂ ಸಿಟ್ಟಿದೆ. ನಾದಿನಿಯನ್ನು ನಾನೇ ಸಾಕಿದೆ, ನನ್ನ ಮಗನಿಗಿಂತ ಹೆಚ್ಚಾಗಿಯೇ ಸಾಕಿದೆ.

ಆಕೆ ಈಗ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಮಗನ ಮನೆಯಲ್ಲಿದ್ದಾಳೆ. ತಲೆಯೆಲ್ಲ ಬೆಳ್ಳಗಾಗಿದೆ. ಹೋದ ಪಂಚಮಿಗೆ ಬಂದವಳು ನನ್ನ ಪಕ್ಕದಲ್ಲಿ ಕೂತು, ಮೊಮ್ಮಕ್ಕಳು ಆಚೆ ಹೋದ ಮೇಲೆ ಮೆಲ್ಲಗೆ ಕೇಳಿದಳು: "ವೈನೀ, ನಂಗ ಅವ್ವನ ಮುಖಾ ನೆನಪಿಲ್ಲ. ಒಂದ ಫೋಟೋನೂ ಇಲ್ಲ. ನೀ ನೋಡಿಯಲ್ಲ, ಹೆಂಗಿದ್ಳು?"

"ನಿನ್ನಂಗಾ ಇದ್ಳವಾ" ಎಂದೆ. ಆಕೆಗೆ ಬಹಳ ಸಂತೋಷವಾಯಿತು. ಗೋಡೆಯ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡಳು ಕೂಡ.

ಕಾಕಿಯ ದನಿ ನನಗೆ ನೆನಪಿದೆ, ಬೈಗುಳ ನೆನಪಿದೆ, ಅಂಚು ಹಿಡಿದ ಆ ಕೈಗಳು ನೆನಪಿವೆ. ಎಷ್ಟು ಕಣ್ಣು ಮುಚ್ಚಿ ಕೂತರೂ ಮುಖ ಮಾತ್ರ ಬರುತ್ತಿಲ್ಲ... ಅದನ್ನು ಕಂಡವರಲ್ಲಿ ಉಳಿದಿರುವುದು ನಾವಿಬ್ಬರೇ.