ಒಂದೇ ಉಸಿರಿನ ಗೋಡೆಬರಹ

ಬೆಳಗಿನ ಚಹಾಕ್ಕೆ ಮೊದಲು ಕರಿಬಸಪ್ಪ ಬ್ರಷ್ಷನ್ನು ನೀರಿಗೆ ಅದ್ದಿ ಹೊಸ್ತಿಲ ಮುಂದಿನ ಕಲ್ಲಿನ ಮೇಲೆ ‘ಶ್ರೀ’ ಬರೆಯದೆ ಇರುತ್ತಿರಲಿಲ್ಲ. ಬರೆಯುವುದು ಎಂದರೆ ತಪ್ಪಾದೀತು, ಕಟ್ಟುತ್ತಿದ್ದ. ಮೊದಲು ಅಂಚು, ಆಮೇಲೆ ಹೊಟ್ಟೆ, ಆಮೇಲೆ ತಿದ್ದುಪಡಿ. ಬಾಲಕ್ಕೆ ಬರುವಷ್ಟರಲ್ಲಿ ಗಂಗಾವತಿಯ ಬಿಸಿಲಿಗೆ ಅಕ್ಷರದ ತಲೆ ಆರಿಹೋಗಿರುತ್ತಿತ್ತು. ಆ ‘ಶ್ರೀ’ಯನ್ನು ಪೂರ್ತಿಯಾಗಿ ಕಂಡವನು ದೇವರೊಬ್ಬನೇ.

ಊರಿನ ಅರ್ಧ ಅಂಗಡಿಗಳ ಬೋರ್ಡು ಅವನ ಕೈಯವೇ. ಎದುರು ಮನೆಯ ಜಿಲಾನಿ ಕಾಕಾ ಬಿದಿರಿನ ಲೇಖನಿಯಿಂದ ಉರ್ದುವಿನಲ್ಲಿ ಲಗ್ನದ ಕಾರ್ಡು ಬರೆಯುವವರು. ಮಸಿಗೆ ಅದ್ದಿ ಉಸಿರು ಹಿಡಿದರೆಂದರೆ, ಬಿಡುವಷ್ಟರಲ್ಲಿ ಮದುಮಗನ ಹೆಸರು ಮುಗಿದಿರುತ್ತಿತ್ತು.

ಎಂಬತ್ತನೇ ಇಸವಿಯ ಸುಮಾರಿಗೆ ಶ್ರೀರಾಮನಗರದ ತಿರುಪತಿ ಎಂಬ ಸಾಹುಕಾರರು ಊರ ಹೊರಗೆ ಅಕ್ಕಿ ಗಿರಣಿ ಕಟ್ಟಿಸಿ, ಗೋಡೆಯ ಮೇಲೆ ಹೆಸರು ಬರೆಯಲು ಕರಿಬಸಪ್ಪನನ್ನು ಕರೆಸಿದರು. ಮರುದಿನವೇ ಪೂಜೆ. ಕೆಲಸ ಮೆಚ್ಚಿಗೆಯಾದರೆ ಕಾಲುವೆ ಸೀಮೆಯ ಗಿರಣಿಗಳೆಲ್ಲ ಅವನ ಪಾಲಿಗೇ. ಆದರೆ ಮಧ್ಯಾಹ್ನವಾದರೂ ಅವನು ಸೀಮೆಸುಣ್ಣ ಸವರಿದ ದಾರದಿಂದ ಗೆರೆ ಹೊಡೆಯುತ್ತಲೇ ಇದ್ದ.

“ಏನಪಾ, ಗೋಡಿ ಅಳಿಯಾಕ ಬಂದೀಯೊ, ಬರಿಯಾಕ ಬಂದೀಯೊ?” ಎಂದರು ತಿರುಪತಿ. “ಜಿಲಾನಿ ಸಾಹೇಬ್ರು ಒಂದ ಉಸಿರಿಗೆ ಬರೀತಾರಂತ!”

ಮಾತು ನಾಟಿತು. ಅವರು ಅತ್ತ ಹೋದದ್ದೇ ತಡ, ಕರಿಬಸಪ್ಪ ಕೆನ್ನೆ ಉಬ್ಬಿಸಿ ಉಸಿರು ಹಿಡಿದು, ಗೋಡೆಗೆ ಕಟ್ಟಿದ್ದ ಅಟ್ಟಣಿಗೆಯ ಹಲಗೆಯ ಮೇಲೆ ಏಡಿಯಂತೆ ಅಡ್ಡಡ್ಡ ಓಡುತ್ತ ಬರೆದ. ಮೊದಲ ಅಕ್ಷರ ಎಮ್ಮೆಯಷ್ಟಾಯಿತು. ಉಸಿರು ಕುಗ್ಗಿದಂತೆ ಅಕ್ಷರಗಳೂ ಕುಗ್ಗಿ, ‘ಶ್ರೀ ದುರ್ಗಾಂಬಾ ಅಕ್ಕಿ ಗಿರಣಿ’ಯ ‘ಗಿರಣಿ’ ಆಡಿನ ಮರಿಯಾಗಿ ಗಟಾರದ ಕಡೆಗೆ ಇಳಿಯಿತು. ಮೇಲಿಂದ ಬಣ್ಣವೂ ಸೋರತೊಡಗಿತು.

ಬುತ್ತಿ ತಂದ ಹೆಂಡತಿ ಅನ್ನಮ್ಮ ಗಲ್ಲದ ಮೇಲೆ ಕೈಯಿಟ್ಟಳು. “ಅಯ್ಯ ಶಿವನ! ಅಕ್ಷರಕ್ಕೆಲ್ಲ ಗಡ್ಡ ಬಂದಾವಲ್ರಿ!” ಎಂದವಳೇ ಓಡಿಹೋಗಿ ಜಿಲಾನಿ ಕಾಕಾನನ್ನು ಕರೆತಂದಳು.

ಕಾಕಾ ನಕ್ಕು ನಕ್ಕು ನೆಲಕ್ಕೇ ಕುಂತರು. “ಹುಚ್ಚಪ್ಪಾ, ನಂದು ಬರಿಯೋ ಕೆಲಸ, ನಿಂದು ಕಟ್ಟೋ ಕೆಲಸ. ನನ್ನ ಕೈಗೆ ದಾರಿ ಗೊತ್ತೈತಿ, ಓಡತೈತಿ. ತಪ್ಪಿದ್ರ ಕಾಗದ ಹರದು ಒಗೀತೀನಿ. ನೀ ಗೋಡಿ ಹರೀತೀಯೇನು?”

ದೂರದಲ್ಲಿ ತಿರುಪತಿಯವರ ಜೀಪು ಧೂಳೆಬ್ಬಿಸಿತು. ಬರೆದವನ ಹೆಸರು ಮೂಲೆಯಲ್ಲಿ ಇರಲೇಬೇಕು, ಅದು ರೂಢಿ. ಕಾಕಾ ದನಿ ತಗ್ಗಿಸಿದರು. “ತಳಗ ನನ್ನ ಹೆಸರು ಹಾಕು. ಮುದುಕಗ ಕನ್ನಡ ಬರಂಗಿಲ್ಲ ಅಂತ ನಕ್ಕು ಬಿಡ್ತಾರ. ನಿನ್ನ ಕೆಲಸ ಉಳೀತೈತಿ.”

“ಬ್ಯಾಡ್ರಿ ಕಾಕಾ,” ಎಂದು ಕರಿಬಸಪ್ಪ ಗೋಡೆಯ ಮೂಲೆಯಲ್ಲಿ ಮತ್ತೆ ದಾರ ಎಳೆದ. “ಗಡ್ಡ ಬಂದ್ರೂ ಅವು ನನ್ನ ಮಕ್ಕಳು. ಗಿರಣಿ ಕೆಲಸ ಹೋದ್ರ ಹೋಗ್ಲಿ, ನನ್ನ ಹೆಸರೇ ಹಾಕ್ತೀನಿ. ನೀವು ಮನಿಗೆ ನಡೀರಿ, ಇದಕ್ಕ ಸಂಜೀತನಾ ಹಿಡೀತೈತಿ.”