ಗೌಡರ ಕಾಲ್ಗುಣ
ಆಡೂರಿನ ಕರಿಬಸಪ್ಪಗೌಡರು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವರು. ಹಾಗೆ ಹುಟ್ಟಿದವರು ಬರಿಗಾಲಿನಿಂದ ಒದ್ದರೆ ಹಿಡಿದ ಸೊಂಟ ಬಿಡುತ್ತದೆಂದು ಹಾನಗಲ್ಲಿನಿಂದ ಹಿರೇಕೆರೂರಿನವರೆಗೂ ಜನರ ನಂಬಿಕೆ. ಬೆಳಗಾದರೆ ಅಂಗಳದ ತುಂಬ ಬೆನ್ನುಗಳ ಸಾಲು. ಗೌಡರು ಬೇವಿನ ಕಡ್ಡಿ ಜಗಿಯುತ್ತಲೇ ಬಂದು, “ಶಿವಾ ಅನ್ರಿ” ಎಂದು ಮೆಲ್ಲಗೆ ಒದೆಯುವರು. ಬಗ್ಗಿ ಬಂದ ತಾಲೂಕಿನ ಮಾಮಲೇದಾರರೂ ನೆಟ್ಟಗಾಗಿ, ಆ ಕಾಲಿಗೇ ಕಾಯಿ ಒಡೆದು ಹೋಗುವರು. ಅವರ ಹೊಲದ ಆಳು, ಹೊರಗೇರಿಯ ಗುತ್ತೆಪ್ಪ ಮಾತ್ರ ಸೊಂಟ ಹಿಡಿದುಕೊಂಡು ಬೇಲಿಯಾಚೆ ನಿಲ್ಲುತ್ತಿದ್ದ. ಒಂದು ದಿನ ನೋವು ತಾಳಲಾರದೆ, “ನನಗೂ ಒಂದ್ಸಲ ಒದೀರಿ, ಎಪ್ಪಾ” ಎಂದ. “ಲೇ ಗುತ್ತ್ಯಾ, ನಿನ್ನ ಮುಟ್ಟಿದರ ಮೈಲಿಗಿ ಆಗೂದಿಲ್ಲೇನು?” ಎಂದರು ಗೌಡರು. ಗುತ್ತೆಪ್ಪ ತಲೆ ತಗ್ಗಿಸಿಯೇ ಕೇಳಿದ: “ಮೊನ್ನೆ ಕಣದಾಗ ಸಿಟ್ಟೀಲೆ ಒದ್ದಿದ್ರಲ್ಲರಿ?” ಗೌಡರು ಶಾಂತವಾಗಿಯೇ ಹೇಳಿದರು: “ಅವತ್ತ ಕಾಲಾಗ ಚಪ್ಪಲಿ ಇದ್ದೂ.”