ಕಾಯಲು ಚೀಲವೇ ಇಲ್ಲದ ಪ್ರವಾಸ

ಚೀಲ ತುಂಬುವುದೂ ವ್ಯಾಪಾರವೇ. ಒಂದು ಸಾಮಾನು ಒಳಗೆ ಬರಬೇಕಾದರೆ ಇನ್ನೊಂದು ಹೊರಗೆ ಹೋಗಬೇಕು. ವಿಜಯಪುರದಲ್ಲಿ ಬಟ್ಟೆ ಅಂಗಡಿ ಹಾಕುವ ಮೊದಲು ನಾನು ಗಂಟು ಹೊತ್ತುಕೊಂಡು ಮನೆಮನೆ ತಿರುಗಿ ನೈಟಿ, ಜಂಪರ್ ಪೀಸು ಮಾರಿದವಳು. ಯಾವ ಗಂಟಿನಲ್ಲಿ ಎಷ್ಟು ಹಿಡಿಯುತ್ತದೆ ಎಂಬುದನ್ನು ಕಣ್ಣು ಮುಚ್ಚಿ ಹೇಳಬಲ್ಲೆ. ಅಂಥವಳಿಗೂ ಹೋದ ಬೇಸಿಗೆಯಲ್ಲಿ ಮರಾಠಿ ಸೀಮೆಯ ನೀರಾಟದ ಥೀಮ್ ಪಾರ್ಕಿಗೆ ಹೊರಟಾಗ ನನ್ನ ಅವ್ವನ ಜೊತೆ ಚೌಕಾಶಿ ಮಾಡಿ ಸಾಕುಸಾಕಾಯಿತು.

ನಾವು ಎಲ್ಲಿಗೆ ಹೋದರೂ ಚೀಲ ಕಾಯುವುದು ಅವ್ವನ ಕೆಲಸ. ಆಣೆಕಟ್ಟು ನೋಡಲು ಹೋದಾಗ ನಾವೆಲ್ಲ ಮೇಲೆ ಹತ್ತಿದೆವು, ಅವ್ವ ಕೆಳಗೆ ಚೀಲದ ಹತ್ತಿರ ಕೌದಿ ಹಾಸಿಕೊಂಡು ಕೂತಳು. ಗೋವಾಕ್ಕೆ ಹೋದಾಗಲೂ ಅಷ್ಟೇ. ದಂಡೆಯ ಮೇಲೆ ನಮ್ಮ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಟ್ಟು ಅದೇ ಕೌದಿಯ ಮೇಲೆ ಕೂತಿದ್ದಳು. ಮರಳಿ ಬರುವಾಗ ಗಾಡಿಯಲ್ಲಿ ನನ್ನ ಮಗಳನ್ನು ಮೆಲ್ಲಗೆ ಕೇಳಿದಳು, "ತೆರಿ ಬಂದಾಗ ಕಾಲ ಬುಡದಾಗಿನ ಉಸುಕು ಜಾರತೈತಂತಲ್ಲ, ಖರೇನೇನ?"

ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಈ ಸಲ ಅವ್ವನನ್ನು ನೀರಿಗೆ ಇಳಿಸಿಯೇ ಸೈ ಎಂದುಕೊಂಡೆ. ಅದಕ್ಕೆ ದಾರಿ ಒಂದೇ. ಕಾಯಲು ಚೀಲವೇ ಇರಬಾರದು.

ಪಾರ್ಕಿನಲ್ಲಿ ಸಾಮಾನು ಇಡಲು ಬೀಗದ ಕಪಾಟು ಬಾಡಿಗೆಗೆ ಸಿಗುತ್ತದೆಂದು ಮೊದಲೇ ಫೋನ್ ಮಾಡಿ ಕೇಳಿಕೊಂಡಿದ್ದೆ. ಇಡೀ ಮನೆಯ ಸಾಮಾನು ಅದೊಂದರಲ್ಲೇ ಹಿಡಿಯಬೇಕು. ನೀವೂ ಹೋಗುವವರಿದ್ದರೆ ಕೇಳಿ. ಒಬ್ಬೊಬ್ಬರಿಗೆ ಒಂದೊಂದು ಚೀಲ ಕೊಡಲೇಬೇಡಿ, ಕೊಟ್ಟರೆ ಅದು ಉಬ್ಬುವವರೆಗೆ ತುರುಕುತ್ತಾರೆ. ಒಬ್ಬರ ಒಣಬಟ್ಟೆಯನ್ನು ಒಂದು ತೆಳು ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ. ಸಂಜೆ ಅದೇ ಕವರು ತೊಯ್ದ ಬಟ್ಟೆಗೆ ಆಗುತ್ತದೆ. ಹತ್ತಿ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲ, ನೈಲಾನೇ ಬೇಕು. ಅಲ್ಲೇ ಬಾಡಿಗೆಗೆ ತಗೊಂಡರಾಯಿತು ಎಂದು ಬರಿಗೈಲಿ ಹೋದಿರೋ, ನಿಮ್ಮ ಅಳತೆಯದು ಸಿಗುವುದಿಲ್ಲ, ಚೌಕಾಶಿಯೂ ನಡೆಯುವುದಿಲ್ಲ.

ಅವ್ವನಿಗೆಂದೇ ಉದ್ದ ತೋಳಿನ ಅಂಗಿ, ಪಾದದವರೆಗಿನ ಪೈಜಾಮದ ನೈಲಾನ್ ಜೋಡಿ ಹೊಲಿಸಿದೆ. ಬಣ್ಣ ಅವಳ ಇಳಕಲ್ ಸೀರೆಯದೇ ಹಸಿರು. ತಿಕೋಟಾದ ತವರುಮನೆಗೆ ಒಯ್ದು ತೋರಿಸಿದೆ.

"ಯವ್ವಾ, ಇದನ್ನ ಹಾಕ್ಕೊಂಡ್ರ ಸರ್ಕಸ್‌ನ್ಯಾಕಿ ಕಂಡಂಗ ಕಾಣ್ತೇನಿ."

"ಕಂಡ್ರೇನಾತು ಬೇ, ಅಲ್ಲಿ ಎಲ್ಲಾರೂ ಸರ್ಕಸ್‌ನವರ."

"ನಾ ಚೀಲ ನೋಡ್ಕೋತ ಕುಂದರ್ತೇನಿ, ನೀವು ಆಡ್ರಿ."

"ಈ ಸಲ ಚೀಲಾನ ಇಲ್ಲ."

"ಚೀಲ ಇಲ್ದ ಊರಿಗೆ ಹೋಗ್ತಾರೇನ ಯಾರರ?"

ಚೌಕಾಶಿ ಶುರುವಾಯಿತು. ತಂಬಿಗೆ ತೆಗೆಸಬೇಕಾದರೆ ದಾರಿಗೆ ಶೇಂಗಾ ಹೋಳಿಗೆ ಒಪ್ಪಿಕೊಳ್ಳಬೇಕಾಯಿತು. ದಿಂಬು ಬಿಡಿಸಬೇಕಾದರೆ ಉಪ್ಪಿನಕಾಯಿ ಒಪ್ಪಬೇಕಾಯಿತು. ಕೊನೆಗೆ ಉಳಿದದ್ದು ಕೌದಿ. "ಕುಂದ್ರಾಕ ಏನ್ ಹಾಸೂದು?" ಎಂದಳು. "ಯಾರೂ ಕುಂದ್ರಂಗಿಲ್ಲ" ಎಂದೆ. ನನ್ನ ಮುಖ ನೋಡಿ, ಕೌದಿಯನ್ನು ಒಳಗೆ ಒಯ್ದಿಟ್ಟಳು. ಗೆದ್ದೆ ಅಂದುಕೊಂಡೆ.

ಆದರೆ ನಾದಿನಿಯನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಊರಿಗೆ ಹೊರಟವರಿಗೆ ಬುತ್ತಿ ಕಟ್ಟದಿದ್ದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಸಮಾಧಾನವಿಲ್ಲ. ಹೊರಡುವ ದಿನ ಬಬಲೇಶ್ವರದಲ್ಲಿ ರಸ್ತೆಗೇ ಬಂದು ನಿಂತಿದ್ದಳು. ಧೋತರದಲ್ಲಿ ಕಟ್ಟಿದ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ ಎಂಬ ಚಟ್ನಿಪುಡಿಗಳು, ಒಂದು ಬಾಟಲಿ ಎಣ್ಣೆ. ಆ ಗಂಟಿನ ಪಕ್ಕ ಮಕ್ಕಳು ಸಣ್ಣವರಂತೆ ಕಾಣುತ್ತಿದ್ದರು. ತಿಕೋಟಾದಲ್ಲಿ ಅವ್ವ ಹತ್ತಿದಳು. ದಾರಿಯುದ್ದಕ್ಕೂ ಅವಳು ಮಾಡಿದ್ದನ್ನೇ ತಿಂದೆವು. ಧೋತರದ ಗಂಟು ಬಿಚ್ಚಲೇ ಇಲ್ಲ.

ಮರುದಿನ ಮುಂಜಾನೆ ಪಾರ್ಕಿನ ಗೇಟಿನಲ್ಲಿ ಕಾವಲಿನ ಹೆಣ್ಣುಮಗಳು ಗಂಟಿನ ಮೇಲೆ ಕೈ ಇಟ್ಟಳು. ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಕಪಾಟಿನಲ್ಲಿ ಇಡುವಂತೆಯೂ ಇಲ್ಲ. ನಮ್ಮ ಬಾಡಿಗೆ ಗಾಡಿಯವನು ಸಂಜೆ ಬರುತ್ತೇನೆಂದು ಹೇಳಿ ಆಗಲೇ ಹೋಗಿಯಾಗಿತ್ತು.

ಅವ್ವನ ಮುಖದಲ್ಲಿ ಕಳೆ ಬಂತು. "ನೀವ್ ನಡೀರಿ. ಬುತ್ತಿ ಚೆಲ್ಲಾಕ ಬರಂಗಿಲ್ಲ, ನಾ ನೋಡ್ಕೋತೇನಿ" ಎಂದು ಗಂಟಿನ ಪಕ್ಕ ನೆಲದ ಮೇಲೆ ಕೂತೇಬಿಟ್ಟಳು. ಕೌದಿಯೂ ಬೇಕಾಗಲಿಲ್ಲ.

ಗಂಟು ಹೊತ್ತು ಮಾರಿದ ಕಾಲದಲ್ಲಿ ನಾನು ಕಲಿತ ಪಾಠವೊಂದಿದೆ. ಉಳಿದ ಮಾಲನ್ನು ಹೊತ್ತು ತಿರುಗಬಾರದು, ನಿಂತ ಜಾಗದಲ್ಲೇ ಖಾಲಿ ಮಾಡಬೇಕು. ಅಲ್ಲೇ ಗೋಡೆಯ ನೆರಳಿನಲ್ಲಿ ಗಂಟು ಬಿಚ್ಚಿದೆ. ಪಾಳಿಯಲ್ಲಿ ನಿಂತವರನ್ನೆಲ್ಲ ಅಂಗಡಿಯ ಗಿರಾಕಿಗಳಂತೆ ಕೂಗಿ ಕರೆದೆ, "ಬರ್ರಿ, ಬರ್ರಿ, ಒಳಗ ಹೋಗೂಮುಂಚೆ ನಾಷ್ಟಾ ಮಾಡ್ಕೊಂಡು ಹೋಗ್ರಿ!" ಒಂದು ಮರಾಠಿ ಕುಟುಂಬ ಬಂತು. ಅವರ ಹಿಂದೆ ಇನ್ನೊಂದು. ರೊಟ್ಟಿಯನ್ನು ಹಪ್ಪಳ ಎಂದುಕೊಂಡವರೂ ಇದ್ದರು. ನನ್ನ ಗಂಡ ಎಣ್ಣೆ ಬಾಟಲಿಯ ಬೂಚು ತೆಗೆಯಲು ಹಲ್ಲು ಹಚ್ಚುತ್ತಿದ್ದ.

ಅವ್ವನಿಗೆ ನನ್ನ ಬಡಿಸುವಿಕೆ ನೋಡಲಾಗಲಿಲ್ಲ. "ಒಣಾ ರೊಟ್ಟಿ ಹಂಗ ಕೊಡ್ತಾರೇನ ಬೇ? ಹಿಂಡಿ ಮ್ಯಾಲೆ ಎಣ್ಣಿ ಬಿಡಬೇಕ. ಸರಿ ಅತ್ಲಾಗ!" ತಾನೇ ಮುಂದೆ ಬಂದು ಕೂತಳು. ಬೇಡ ಎಂದವರಿಗೂ ಕೊಟ್ಟಳು. ಕಾವಲಿನ ಹೆಣ್ಣುಮಗಳು ಎರಡನೇ ಸಲ ರೊಟ್ಟಿಗೆ ಕೈ ಚಾಚಿದಾಗ ಅವ್ವ, "ಈಗ ತಡೀ ನೋಡೂಣು" ಎಂದಳು. ಆ ಹೆಣ್ಣುಮಗಳಿಗೆ ಕನ್ನಡ ತಿಳಿಯಲಿಲ್ಲ, ಆದರೂ ನಕ್ಕಳು.

ಧೋತರ ಖಾಲಿಯಾಯಿತು. ಅವ್ವ ಅದನ್ನು ಜಾಡಿಸಿ, ಮಡಚಿ, ಸುತ್ತ ನೋಡಿದಳು. ಕಾಯಲು ಏನೂ ಇರಲಿಲ್ಲ.

"ಆ ಸರ್ಕಸ್ ಅಂಗಿ ಎಲ್ಲೈತಿ? ತಾ ಇಲ್ಲಿ."

ತೆರೆ ಏಳುವ ಕೊಳದಲ್ಲಿ ನನ್ನ ಕೈ ಹಿಡಿದು ನಿಂತಳು. ಇನ್ನೊಂದು ಕೈ, ಇಲ್ಲದ ಸೆರಗನ್ನು ಹುಡುಕುತ್ತಿತ್ತು. ಮೊದಲ ತೆರೆ ಎದೆಗೆ ಬಡಿದಾಗ "ಯಪ್ಪಾ ಶಿವನ!" ಎಂದು ಕೂಗಿದಳು. ಎರಡನೆಯದಕ್ಕೆ ಕೂಗಲಿಲ್ಲ, ತಾನೇ ಎದುರು ನಡೆದಳು. ಮಗಳು ಅಜ್ಜಿಯನ್ನು ಕೇಳಿದಳು, "ಆಯೀ, ಕಾಲ ಬುಡದಾಗ ಜಾರತೈತೇನ?"

"ಇಲ್ಲೆಲ್ಲಾ ಫರಸಿ ಕಲ್ಲ ಐತಿ, ಎಲ್ಲಿ ಜಾರಬೇಕ? ಖರೇ ಸಮುದ್ರಕ್ಕ ಕರ್ಕೊಂಡು ನಡೀರಿ."

ಅದಕ್ಕೇ ಈಗ ಮುಂಬೈಯಿಂದ ಗೋವಾಕ್ಕೆ ಹೋಗುವ ಪ್ರವಾಸಿ ಹಡಗಿಗೆ ಟಿಕೆಟ್ ಮಾಡಿಸಿದ್ದೇನೆ. ಒಂದು ಮಾತು ನೆನಪಿಡಿ. ಹಡಗಿನಲ್ಲಿ ದೊಡ್ಡ ಚೀಲವನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ, ಅದು ಕೋಣೆಗೆ ಬರುವುದು ತಡವಾಗಿ. ಗುಳಿಗೆ, ಗುರುತಿನ ಚೀಟಿ, ಒಂದು ಜೋಡಿ ಬಟ್ಟೆ ಕೈಚೀಲದಲ್ಲೇ ಇರಲಿ.

ನಿನ್ನೆ ಅವ್ವ ತಿಕೋಟಾದಿಂದ ಬಂದಳು. ಕೈಯಲ್ಲಿ ಒಂದೇ ಕವರು, ಮೇಲುಗಡೆಯೇ ಹಸಿರು ನೈಲಾನು. ನಾದಿನಿಗೆ ತಾನೇ ಫೋನ್ ಮಾಡಿ, ಬಂದರಿನಲ್ಲಿ ಹಂಚುವಷ್ಟೇ ಬುತ್ತಿ ಕಟ್ಟು ಎಂದಿದ್ದಾಳಂತೆ. ಆಮೇಲೆ ನನ್ನ ಗಂಡ ತುಂಬಿಟ್ಟ ದೊಡ್ಡ ಚೀಲವನ್ನು ಕಾಲಿನಿಂದ ಸ್ವಲ್ಪ ಸರಿಸಿ ನೋಡಿದಳು. ಅದು ಸರಿಯಲಿಲ್ಲ.

"ಅಳಿಯಾರ, ಇಷ್ಟೆಲ್ಲಾ ತಗೊಂಡೀರಲ್ರಿ, ಇದನ್ನ ಯಾರು ಕಾಯಾವ್ರು?"